ದೂಜನ ಎಡಗೈ

ಮುಂಬಯಿಯ ಲಾಲ್‌ಬಾಗಿನ ರಮಾನಾಥ ಶೆಟ್ಟರ ಹೋಟೆಲಿನಲ್ಲಿ ಇಡ್ಲಿ ತಿಂದವರು ಆ ಕಾಲದಲ್ಲಿ ಸಾವಿರಗಟ್ಟಲೆ ಇದ್ದಾರು. ಅವರಲ್ಲಿ ದೂಜನ ಮುಖ ನೋಡಿದವರು ಹತ್ತು ಜನವೂ ಇರಲಿಕ್ಕಿಲ್ಲ. ಹೊಗಳಿಕೆಯೆಲ್ಲ ಅಡಿಗೆಯ ಕೊಡವೂರು ಭಟ್ಟರಿಗೆ, ನಮಸ್ಕಾರವೆಲ್ಲ ಹಣ ಎಣಿಸುವ ಗಲ್ಲೆಯಲ್ಲಿ ಕುಳಿತ ಶೆಟ್ಟರಿಗೆ. ಕಲ್ಲಿನಲ್ಲಿ ರುಬ್ಬಿ ಹಿಟ್ಟು ಕಡೆದವನಿಗೆ ಬರೀ ಹೆಗಲುನೋವು. ಇಡ್ಲಿಯ ಮಾತನ್ನು ಜನ ಬೇಕಾದಷ್ಟು ಆಡಿದ್ದಾರೆ, ಇಲ್ಲಿ ಒಂದಿಷ್ಟು ದೂಜನ ಮಾತು ಬರಲಿ.

ದೂಜ ಕಾಪುವಿನ ಹತ್ತಿರದವನು. ಹದಿನೆಂಟನೆಯ ವಯಸ್ಸಿಗೆ ಮುಂಬಯಿಗೆ ಬಂದು ಕಡೆಯುವ ಕಲ್ಲಿನ ಮುಂದೆ ಕುಳಿತವನು, ೧೯೫೪ನೆಯ ಇಸವಿಯ ಮಳೆಗಾಲ ಬರುವ ಹೊತ್ತಿಗೆ ಅಲ್ಲೇ ಹದಿನೆಂಟು ವರ್ಷ ಕಳೆದಿದ್ದ. ಅಂದರೆ ಅರ್ಧ ಆಯುಷ್ಯ ಊರಿನ ಪಾಲಿಗೆ, ಅರ್ಧ ಕಲ್ಲಿನ ಪಾಲಿಗೆ. ಆ ಕಲ್ಲೋ, ನಾಲ್ಕು ಜನ ಸೇರಿದರೂ ಜಾಗ ಬಿಟ್ಟು ಕದಲುವಂಥದ್ದಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ನೆನೆದ ಅಕ್ಕಿ, ಉದ್ದು ತಂದು ಸುರಿದರೆ ಸಂಜೆ ಐದರ ಮಿಲ್ಲಿನ ಭೋಂಗಾ ಕೂಗುವವರೆಗೆ ಕಡೆಯುವುದು. ಬಲಗೈ ಗುಂಡು ತಿರುಗಿಸುತ್ತಿತ್ತು, ಎಡಗೈ ಅಂಚಿಗೆ ಏರಿದ ಹಿಟ್ಟನ್ನು ಗುಳಿಯೊಳಗೆ ದೂಡುತ್ತಿತ್ತು. ರಾತ್ರಿಯಿಡೀ ಹಿಟ್ಟು ಉಬ್ಬಿ, ಬೆಳಿಗ್ಗೆ ಮಿಲ್ಲಿನವರ ಹೊಟ್ಟೆಗೆ ಸೇರುತ್ತಿತ್ತು.

ಆ ವರ್ಷ ದೂಜನಿಗೆ ಒಂದು ದೊಡ್ಡ ಆಸೆ ಕೈಗೂಡುವುದರಲ್ಲಿತ್ತು. ಮದುವೆಯಾಗಿ ಹನ್ನೊಂದು ವರ್ಷ, ಹೆಂಡತಿ ವಸಂತಿ ಊರಿನಲ್ಲಿ, ಇವನು ಹೋಟೆಲಿನ ಮಾಳಿಗೆಯಲ್ಲಿ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ಸಂಸಾರ. ಈಗ ಗೋರೆಗಾಂವ್‌ನಲ್ಲಿ ಊರಿನವರ ಚಾಳಿನಲ್ಲೇ ಒಂದು ಬಾಡಿಗೆ ಖೋಲಿ ಗೊತ್ತಾಗಿತ್ತು. ಮಳೆಗಾಲದಲ್ಲಿ ಮಂಗಳೂರಿನ ಹಡಗು ನಿಲ್ಲುತ್ತಿತ್ತಷ್ಟೆ. ಮಳೆ ಬಿಟ್ಟು ಹೊರಡುವ ಮೊದಲ ಹಡಗಿಗೆ ವಸಂತಿ ಬರುವುದೆಂದು ನಿಶ್ಚಯವಾಗಿತ್ತು. ಉಪ್ಪಿನಕಾಯಿಯ ನಾಲ್ಕು ಭರಣಿ ಕಟ್ಟಿ ಇಟ್ಟಾಗಿದೆ ಎಂದು ಅವಳು ಯಾರ ಕೈಯಲ್ಲೋ ಕಾಗದ ಬರೆಸಿದ್ದಳು. ಮೇ ತಿಂಗಳಲ್ಲಿ ಭರಣಿ ಕಟ್ಟಿದವಳು ಸೆಪ್ಟೆಂಬರ್‌ವರೆಗೆ ಹೇಗೆ ಕಾದಾಳು ಎಂದು ದೂಜನಿಗೆ ನಗು ಬಂದಿತ್ತು, ಕಣ್ಣೂ ತುಂಬಿತ್ತು.

ಜೂನ್ ತಿಂಗಳ ಮೊದಲ ಮಳೆಯ ದಿನವೇ ಹೆಗಲು ಕೈಕೊಟ್ಟಿತು. ನೋವು ಹೊಸದೇನಲ್ಲ, ವರ್ಷದಿಂದ ಇತ್ತು. ಎಣ್ಣೆ ತಿಕ್ಕಿ, ಬಟ್ಟೆ ಕಟ್ಟಿ, ಹಲ್ಲು ಕಚ್ಚಿ ದೂಜ ದಿನ ದೂಡುತ್ತಿದ್ದ. ಆ ದಿನ ಮಾತ್ರ ಬೆರಳು ಜೋಮು ಹಿಡಿದು ಗುಂಡು ಕೈಯಿಂದ ಜಾರಿತು. ಮತ್ತೆ ಹಿಡಿಯಲು ಹೋದರೆ ಕೈ ಏಳಲಿಲ್ಲ. ಉದ್ದು ಅರ್ಧಕ್ಕೇ ನಿಂತಿತು. ಮರುದಿನದ ಇಡ್ಲಿ ಎಂಥದಾಯಿತೆಂದರೆ, ಗಿರಾಕಿಯೊಬ್ಬ ಅದನ್ನು ಎತ್ತಿ ಮೇಜಿನ ಮೇಲೆ ಕುಟ್ಟಿ ಸದ್ದು ಕೇಳಿಸಿದ. ಡಾಕ್ಟರು ನೋಡಿ ಮುಲಾಮು ಕೊಟ್ಟು, ವಿಶ್ರಾಂತಿ ಬೇಕು ಎಂದರು. ಕೂಲಿ ಮಾಡುವವನಿಗೆ ವಿಶ್ರಾಂತಿ ಬರೆದುಕೊಡುವುದು ಬಹಳ ಸುಲಭ.

ರಮಾನಾಥ ಶೆಟ್ಟರು ಕೆಟ್ಟವರಲ್ಲ. ದೂಜನನ್ನು ಒಳಗೆ ಕರೆದು ಕೂರಿಸಿದರು.

"ನಿನ್ನ ಮೇಲೆ ನನಗೆ ಕೋಪ ಇಲ್ಲ ಮಾರಾಯ. ಆದರೆ ಹಿಟ್ಟಿಗೆ ದಾಕ್ಷಿಣ್ಯ ಇಲ್ಲ ನೋಡು. ಈಗ ಹಡಗಿಲ್ಲ. ಮಳೆ ಬಿಡುವವರೆಗೆ ಬಟಾಟೆ ಸುಲಿದುಕೊಂಡು ಇರು, ಕಲ್ಲಿಗೆ ನಮ್ಮ ಹುಡುಗ ಸೀನ ಕೂತುಕೊಳ್ಳಲಿ. ಹಡಗು ಶುರುವಾದ ಕೂಡಲೇ ಊರಿಗೆ ಹೋಗು. ಗುಣ ಆಗಲಿ, ಮತ್ತೆ ನೋಡುವ."

"ಮತ್ತೆ ನೋಡುವ" ಎಂದರೆ ಏನೆಂದು ಮುಂಬಯಿಯ ಹೋಟೆಲಿನಲ್ಲಿ ಗೊತ್ತಿಲ್ಲದವರಿಲ್ಲ. ದೂಜ "ಆಯ್ತು ಧಣಿಗಳೇ" ಎಂದು ಹೊರಗೆ ಬಂದ. ಒಂದೇ ಹಡಗು. ವಸಂತಿ ಅದರಲ್ಲಿ ಬರಬೇಕು, ಇಲ್ಲವೇ ಇವನು ಅದರಲ್ಲಿ ಹೋಗಬೇಕು. ಬರಬೇಡ ಎಂದು ಅವಳಿಗೆ ಕಾಗದ ಬರೆಸಬೇಕಿತ್ತು. ದೂಜ ಇವತ್ತು ನಾಳೆ ಎಂದು ಮುಂದೂಡುತ್ತ ಬಟಾಟೆ ಸುಲಿಯತೊಡಗಿದ.

ಕೃಷ್ಣಾಷ್ಟಮಿಗೆ ಹೋಟೆಲಿನ ಎಲ್ಲರಿಗೂ ಶೆಟ್ಟರು ಅಂಗಿ ಹೊಲಿಸುವುದು ರೂಢಿ. ಜುಲೈಯಲ್ಲಿ ಅಳತೆಗೆಂದು ದೂಜ ಪಕ್ಕದ ಗಲ್ಲಿಯ ದರ್ಜಿ ಶೆಟ್ಟೆಪ್ಪನ ಅಂಗಡಿಗೆ ಹೋದ. ಶೆಟ್ಟೆಪ್ಪ ಗದಗಿನ ಕಡೆಯವನು, ಟೇಪು ಹಿಡಿದರೆ ಬಾಯಿಗೆ ಲಗಾಮಿಲ್ಲ.

"ನೆಟ್ಟಗ ನಿಂದರೋ."

"ನೆಟ್ಟಗೇ ನಿಂತಿದ್ದೇನೆ."

"ನಿಂತಿಲ್ಲೋ ಯಪ್ಪಾ. ಬಲಗಡೆ ಹೆಗಲ ಒಂದೂವರೆ ಇಂಚ ಕೆಳಗೈತಿ. ಈಗ ನಾ ಅಂಗಿ ನೆಟ್ಟಗ ಹೊಲೀಲೋ, ನಿನ್ನಂಗ ಸೊಟ್ಟ ಹೊಲೀಲೋ?"

ಬೆಂಚಿನ ಮೇಲೆ ಕೂತಿದ್ದವನೊಬ್ಬ ಗಟ್ಟಿಯಾಗಿ ನಕ್ಕ. ಅವನು ಗದಿಗೆಪ್ಪ. ಮಿಲ್ಲಿನಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಗರಡಿಮನೆ. ಐವತ್ತು ದಾಟಿದ್ದರೂ ಕುಸ್ತಿಯ ಹುಡುಗರಿಗೆ ಅವನೇ ವಸ್ತಾದ. ದೂಜನ ಮುಖ ಕಪ್ಪಿಟ್ಟದ್ದನ್ನು ನೋಡಿ ನಗು ನಿಲ್ಲಿಸಿ ಎದ್ದು ಬಂದ.

"ಕಣ್ಣ ಮುಚ್ಚು. ಈಗ ಹೇಳು, ಯಾವ ಕಾಲಿನ ಮ್ಯಾಲೆ ನಿಂತಿ?"

"ಇದೆಂತ ಪ್ರಶ್ನೆ? ಎರಡರ ಮೇಲೂ."

ಗದಿಗೆಪ್ಪ ಶೆಟ್ಟೆಪ್ಪನ ಹತ್ತಿರ ಅಳತೆಯ ಕಾಗದದ ಎರಡು ತುಂಡು ಕೇಳಿ, ದೂಜನ ಎರಡು ಹಿಮ್ಮಡಿಗಳ ಅಡಿ ಒಂದೊಂದು ಇಟ್ಟು ನಿಲ್ಲಿಸಿದ. ಎಡಗಾಲಿನ ಕಾಗದ ಎಳೆದ, ಸರಕ್ಕನೆ ಬಂತು. ಬಲಗಾಲಿನದು ಎಳೆದ, ಹರಿದು ಅರ್ಧ ಕೈಗೆ ಬಂತು. ದೂಜ ಕಣ್ಣು ಬಿಟ್ಟು ನೋಡಿದವನು ಹರಿದ ಕಾಗದವನ್ನೇ ನೋಡುತ್ತ ನಿಂತ. ಮೂವತ್ತಾರು ವರ್ಷ ಒಂದೇ ಮೈಯಲ್ಲಿ ವಾಸವಿದ್ದು ಅದು ಯಾವ ಕಡೆ ವಾಲಿದೆ ಎಂದು ಗೊತ್ತಿಲ್ಲದ್ದು ಅವನಿಗೆ ನಾಚಿಕೆಯೆನಿಸಿತು.

"ನಾಳೆ ಬೆಳಿಗ್ಗೆ ಗರಡೀಗೆ ಬಾ" ಎಂದ ಗದಿಗೆಪ್ಪ. "ಕುಸ್ತಿ ಆಡಸೂದಿಲ್ಲ, ಹೆದರಬ್ಯಾಡ."

ನಿಜಕ್ಕೂ ಆಡಿಸಲಿಲ್ಲ. ಹದಿನೈದು ದಿನ ಬರೀ ನಿಲ್ಲಿಸಿದ. ಹುಡುಗರು ಕೆಂಪುಮಣ್ಣಿನಲ್ಲಿ ಹೊರಳಾಡುತ್ತಿದ್ದರೆ ದೂಜ ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತು, ಭಾರ ಬಲಗಾಲಿಗೆ ಹೋಯಿತೇ, ಎಡಗಾಲಿಗೆ ಬಂತೇ ಎಂದು ಹುಡುಕಬೇಕು. ಉಸಿರು ಎಲ್ಲಿಯವರೆಗೆ ಇಳಿಯುತ್ತದೆ ನೋಡಬೇಕು. ಹೆಗಲು ತೋರಿಸಿದರೆ ಈ ಮನುಷ್ಯ ಹಿಮ್ಮಡಿ ನೋಡುತ್ತಾನಲ್ಲ ಎಂದು ದೂಜನಿಗೆ ತಲೆ ಕೆಟ್ಟುಹೋಯಿತು. ಮೂರನೆಯ ದಿನ ಬಾಯಿ ಬಿಟ್ಟು ಕೇಳಿಯೂಬಿಟ್ಟ.

"ಮೊದಲ ಹಲ್ಲ ಬಿಡು" ಎಂದ ಗದಿಗೆಪ್ಪ.

"ಎಂತ?"

"ಹಲ್ಲ ಕಚ್ಚಿ ನಿಂತೀಯಲ್ಲ, ಅದನ್ನ ಬಿಡು. ದವಡಿ ಗಟ್ಟಿ ಹಿಡದಾಂವಗ ಹೆಗಲ ಹ್ಯಾಂಗ ಸಡಲ ಆಗತೈತಿ? ಇಲ್ಲಿ ನಿಂತದ್ದಷ್ಟ ಸಾಲದು, ದಿನಾ ಮಾಡೂ ಕೆಲಸದಾಗ ಹುಡುಕು."

ದೂಜ ಹಲ್ಲು ಬಿಟ್ಟ. ಕಿವಿಯ ಹಿಂದಿನಿಂದ ಏನೋ ಒಂದು ಕಟ್ಟು ಬಿಚ್ಚಿ ಕುತ್ತಿಗೆಯ ಕೆಳಗಿಳಿದಂತಾಯಿತು. ಎಷ್ಟು ವರ್ಷದಿಂದ ಕಚ್ಚಿಕೊಂಡಿದ್ದನೋ ಅವನಿಗೇ ತಿಳಿಯದು.

ಅಂದಿನಿಂದ ಅವನಿಗೆ ಹುಡುಕುವ ಹುಚ್ಚು ಹಿಡಿಯಿತು. ಬಟಾಟೆ ಸುಲಿಯುವಾಗ ನೋಡಿದರೆ ಎರಡೂ ಹೆಗಲು ಕಿವಿಯ ಹತ್ತಿರ. ಒಂದು ಬಟಾಟೆಗೆ ಇಷ್ಟು ಪೌರುಷ ಯಾತಕ್ಕೆ ಎಂದು ಇಳಿಸಿದ. ನೀರಿನ ಬಾಲ್ದಿ ಎತ್ತುವಾಗ ಉಸಿರು ಕಟ್ಟುತ್ತಿತ್ತು, ಬಿಡುತ್ತ ಎತ್ತಿದ. ಅದೇ ಬಾಲ್ದಿ ಹಗುರವೆನಿಸಿತು. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಯಾವಾಗಲೂ ಬಲಗಾಲೇ ದುಡಿಯುತ್ತದೆ, ಎಡಗಾಲು ಸುಮ್ಮನೆ ಹಿಂದೆ ಬರುತ್ತದೆ ಎಂಬುದು ತಿಳಿಯಿತು. ಎಡಗಾಲಿಗೂ ಪಾಲು ಕೊಟ್ಟ. ರಾತ್ರಿ ಚಾಪೆಯ ಮೇಲೆ ಬಿದ್ದರೆ ಈಗ ಕಣ್ತುಂಬ ನಿದ್ದೆ. ಬೇರೆಯವರನ್ನೂ ನೋಡತೊಡಗಿದ ಎನ್ನಿ. ಗಲ್ಲೆಯಲ್ಲಿ ಶೆಟ್ಟರ ಗದ್ದ ಇಡೀ ಮೈಗಿಂತ ನಾಲ್ಕು ಬೆರಳು ಮುಂದೆ ಹೋಗಿ ಗಿರಾಕಿಗಳನ್ನು ಕರೆಯುತ್ತಿತ್ತು. ಕೊಡವೂರು ಭಟ್ಟರು ಒಲೆಯ ಮುಂದೆ ಮೊಣಕಾಲು ಸೆಟೆಸಿ ಜಗಳಕ್ಕೆ ನಿಂತವರ ಹಾಗೆ ನಿಲ್ಲುತ್ತಿದ್ದರು. ಹೇಳಿದರೆ ಜಗಳವೇ ಆದೀತೆಂದು ದೂಜ ಸುಮ್ಮನಿದ್ದ.

ಹೋಟೆಲಿನ ಹಿತ್ತಲಿನಲ್ಲಿ ಸವೆದು ಬಿಸಾಕಿದ ಹಳೆಯ ಕಡೆಯುವ ಕಲ್ಲೊಂದು ಬಿದ್ದಿತ್ತು. ಆಗಸ್ಟ್ ಮೊದಲ ವಾರ ದೂಜ ಅದಕ್ಕೆ ಒಂದು ಹಿಡಿ ಮರಳು, ನೀರು ಹಾಕಿ ಮಣೆಯಿಟ್ಟು ಕುಳಿತ. ಗದಿಗೆಪ್ಪ ನೋಡಲು ಬಂದಿದ್ದ. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ದೂಜನಿಗೆ ತನ್ನ ಹದಿನೆಂಟು ವರ್ಷದ ತಪ್ಪು ತನಗೇ ಕಂಡಿತು. ಕುಳಿತದ್ದು ಒಂದೇ ಕುಂಡೆಯ ಮೇಲೆ, ಎಳೆಯುವುದು ಹೆಗಲೊಂದರಿಂದಲೇ, ಸುತ್ತಿಗೊಮ್ಮೆ ಉಸಿರು ಕಟ್ಟುವುದು. ಸೊಂಟ, ಬೆನ್ನು ಎಲ್ಲ ಕೂತು ತಮಾಷೆ ನೋಡುತ್ತಿದ್ದವು. ಭಾರ ಸರಿಮಾಡಿಕೊಂಡು ಸೊಂಟದಿಂದ ತಿರುಗಿದ. ಗುಂಡು ತಾನಾಗಿ ಬಂದಂತೆ ಬಂತು.

"ಚೊಲೊ ಆತು" ಎಂದ ಗದಿಗೆಪ್ಪ. "ಈ ಎಡಗೈ ಯಾಕ ಬರೇ ಹಿಟ್ಟ ದೂಡತೈತಿ?"

"ಎಡಗೈಯಲ್ಲಿ ಕಡೆಯಲಿಕ್ಕುಂಟಾ! ಅನ್ನದ ಕೆಲಸ ಅಲ್ಲವಾ ಇದು?" ದೂಜ ಗಾಬರಿಯಾದ. ಊರಿನಲ್ಲಿ ಎಡಗೈಯಲ್ಲಿ ಒಂದು ವೀಳ್ಯದೆಲೆ ಕೊಟ್ಟರೂ ಬೆನ್ನಿಗೆ ಬೀಳುತ್ತಿತ್ತು.

"ಕುಸ್ತ್ಯಾಗ ಎಡಗೈ ಮರತಾಂವ ಎರಡ ನಿಮಿಷದಾಗ ಮಣ್ಣ ಮುಕ್ಕತಾನ. ನಿನ್ನ ಹೆಗಲಿಗೆ ಅರ್ಧಾ ದಿನ ಸೂಟಿ ಬೇಕೊ ಬ್ಯಾಡೊ?"

ದೂಜ ತನ್ನ ಎಡಗೈಯನ್ನೊಮ್ಮೆ ತಿರುಗಿಸಿ ನೋಡಿದ. ಆಮೇಲೆ ಹಡಗು ನೆನಪಾಯಿತು. ಎಡಗೈಯನ್ನು ಗುಂಡಿನ ಮೇಲಿಟ್ಟ. ಒಂದು ವಾರ ಅದು ಮದುವೆಮನೆಗೆ ಬಂದ ಹೊಸ ನೆಂಟನ ಹಾಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡಿತು. ಹತ್ತನೆಯ ದಿನಕ್ಕೆ ದಾರಿಗೆ ಬಂತು.

ಅಷ್ಟಮಿಗೆ ಎರಡು ದಿನ ಇರುವಾಗ ದೂಜ ಗಲ್ಲೆಯ ಮುಂದೆ ಹೋಗಿ ನಿಂತ. ಎರಡೂ ಕಾಲಿನ ಮೇಲೆ ನಿಂತ.

"ಧಣಿಗಳೇ, ಅಷ್ಟಮಿಯ ದಿನದ ಹಿಟ್ಟು ನಾನು ಕಡೆಯುತ್ತೇನೆ. ಒಬ್ಬನೇ."

ಶೆಟ್ಟರು ಗದ್ದ ಹಿಂದಕ್ಕೆ ತೆಗೆದುಕೊಂಡು ಅವನನ್ನು ನೋಡಿದರು. ಅಷ್ಟಮಿಯ ಮರುದಿನ ಲಾಲ್‌ಬಾಗಿನಲ್ಲಿ ಮೊಸರುಗಡಿಗೆ ಒಡೆಯುವ ಹಬ್ಬ. ಬೀದಿಯೆಲ್ಲ ಜನ, ಹಿಟ್ಟು ದಿನದ ಒಂದೂವರೆಪಟ್ಟು ಬೇಕು. ಸೀನ ಇಪ್ಪತ್ತೈದರ ಗಟ್ಟಿ ಆಳಾದರೂ ಅಷ್ಟನ್ನು ನೆನೆದು ಆಗಲೇ ಬೆವರುತ್ತಿದ್ದ.

"ಹೆಚ್ಚಿಗೆ ಒಂದು ಗಂಟೆ ಕೊಡುತ್ತೇನೆ, ಹನ್ನೊಂದಕ್ಕೇ ಕೂತುಕೋ. ಐದರ ಭೋಂಗಾಕ್ಕೆ ಮುಗಿಯಬೇಕು" ಎಂದರು ಶೆಟ್ಟರು. "ಮುಗಿದರೆ ಕಲ್ಲು ನಿನ್ನದು. ಇಲ್ಲದಿದ್ದರೆ ಮತ್ತೆ ನನಗೆ ಬೇಜಾರು ಮಾಡಬೇಡ, ಹಡಗಿಗೆ ಹತ್ತು."

ಅಷ್ಟಮಿಯ ದಿನ ಹನ್ನೊಂದಕ್ಕೆ ದೂಜ ಮಣೆಯ ಮೇಲೆ ಕುಳಿತ. ಕಣ್ಣು ಮುಚ್ಚಿದ. ಎರಡೂ ಕಡೆ ಭಾರ ಸಮ ಉಂಟೇ, ನೋಡಿದ. ಹಲ್ಲು ಬಿಟ್ಟ. ಸೀನ ಬಾಗಿಲಲ್ಲಿ ನಿಂತು, ಇವನೇನು ಪೂಜೆಗೆ ಕೂತನೋ ಎಂದು ನಗುತ್ತಿದ್ದ. ದೂಜ ಉಸಿರು ಬಿಡುತ್ತ ಮೊದಲ ಸುತ್ತು ತಿರುಗಿಸಿದ. ನೂರು ಸುತ್ತಿಗೊಮ್ಮೆ ಕೈ ಬದಲಿಸುವುದೆಂದು ಲೆಕ್ಕ ಇಟ್ಟುಕೊಂಡಿದ್ದ. ಒಂದು ಗಂಟೆಯ ಹೊತ್ತಿಗೆ ಉದ್ದು ಬೆಣ್ಣೆಯಾಗಿ ಎದ್ದಿತ್ತು. ಹೆಗಲಿನಲ್ಲಿ ಸಣ್ಣಗೆ ಚುಳಕ್ಕೆಂದಾಗ ಹಿಂದಿನಂತೆ ಹಲ್ಲು ಕಚ್ಚಿ ಮುಂದೆ ಹೋಗಲಿಲ್ಲ. ಅಲ್ಲೇ ನಿಂತು ನೋಡಿದ. ಸೊಂಟ ಮರೆತು ಹೆಗಲಿನಿಂದ ಎಳೆಯುತ್ತಿದ್ದೇನೆ ಎಂದು ತಿಳಿಯಿತು. ಸರಿಮಾಡಿಕೊಂಡ.

ಮೂರು ಗಂಟೆಗೆ ಕೊಡವೂರು ಭಟ್ಟರು ಒಳಗೆ ಬಂದರು. ಭಟ್ಟರು ಮುಂಬಯಿಗೆ ಬಂದಮೇಲೆ ಮಡಿಯನ್ನು ಅರ್ಧಕ್ಕರ್ಧ ಬಿಟ್ಟಿದ್ದರು. ಉಳಿದರ್ಧವನ್ನು ಮಾತ್ರ ಎರಡರಷ್ಟು ಜೋರಿನಿಂದ ನಡೆಸುತ್ತಿದ್ದರು. ಆ ದಿನ ಅಷ್ಟಮಿಯ ಉಪವಾಸ ಬೇರೆ. ಹಸಿದ ಭಟ್ಟರ ಕಣ್ಣಿಗೆ ಗುಂಡಿನ ಮೇಲಿದ್ದ ಎಡಗೈ ಬಿತ್ತು.

"ಎಂತದಾ ಇದು! ಎಡಗೈಯಲ್ಲಿ ಕಡೆಯುದಾ? ಅಷ್ಟಮಿಯ ದಿನ ಅನಾಚಾರ! ಚೆಲ್ಲು ಆ ಹಿಟ್ಟು! ಎಲ್ಲ ಚೆಲ್ಲು!"

ಗಲಾಟೆಗೆ ಶೆಟ್ಟರು ಗಲ್ಲೆ ಬಿಟ್ಟು ಓಡಿಬಂದರು. ಸೀನ, ಪಾತ್ರೆ ತೊಳೆಯುವವರು, ಸಪ್ಲೈಯವರು ಎಲ್ಲ ಬಾಗಿಲಲ್ಲಿ ಸೇರಿದರು. ಹಳೆಯ ದೂಜನಾಗಿದ್ದರೆ ಹೆಗಲು ಕುಗ್ಗಿಸಿ, ತಲೆ ತಗ್ಗಿಸಿ, ಚೆಲ್ಲಿಯೂಬಿಡುತ್ತಿದ್ದನೋ ಏನೋ. ಹೆಗಲು ಕುಗ್ಗಲು ಹೊರಟದ್ದು ಅವನಿಗೇ ಗೊತ್ತಾಯಿತು. ನಿಲ್ಲಿಸಿದ. ಒಂದು ಉಸಿರು ಪೂರ್ತಿ ಒಳಗೆ ತೆಗೆದು ಬಿಟ್ಟ. ಆ ಒಂದು ಉಸಿರಿನೊಳಗೆ ತನ್ನ ಎರಡು ಕೈಗಳನ್ನೂ ನೋಡಿದ, ಎಡಗೈ ಗುಂಡಿನ ಮೇಲೆ, ಬಲಗೈ ಹಿಟ್ಟಿನಲ್ಲಿ. ಆಗ ಮಾತು ತಾನಾಗಿ ಬಂತು.

"ಭಟ್ರೇ, ಹದಿನೆಂಟು ವರ್ಷ ನನ್ನ ಬಲಗೈ ಗುಂಡಿನ ಮೇಲಿತ್ತು. ಸರಿ ಅಲ್ಲವಾ?"

"ಮತ್ತೆ! ಹಾಗೇ ಇರಬೇಕಾದ್ದು."

"ಹಾಗಾದರೆ ಹಿಟ್ಟಿನಲ್ಲಿ ಯಾವ ಕೈ ಇತ್ತು?"

ಭಟ್ಟರು ತಮ್ಮದೇ ಎರಡು ಕೈ ಮುಂದೆ ಚಾಚಿ, ಬಲಗೈಯಿಂದ ಗಾಳಿಯಲ್ಲಿ ಗುಂಡು ತಿರುಗಿಸಿ, ಎಡಗೈಯಿಂದ ಹಿಟ್ಟು ದೂಡಿ ನೋಡಿದರು. ಮತ್ತೊಮ್ಮೆ ನೋಡಿದರು. ಮುಖದ ಬಣ್ಣ ಇಳಿಯಿತು.

"ಹದಿನೆಂಟು ವರ್ಷವಾ?" ಎಂದು ಕೇಳಿ ಅಕ್ಕಿಮೂಟೆಯ ಮೇಲೆ ಕುಸಿದರು. ದಿನಕ್ಕೆ ಎಂಟರಂತೆ ಅವರೂ ಅದೇ ಇಡ್ಲಿ ತಿಂದವರು.

ಮೊದಲು ನಕ್ಕದ್ದು ಶೆಟ್ಟರು. ಆಮೇಲೆ ಬಾಗಿಲಲ್ಲಿದ್ದವರೆಲ್ಲ. ಕೊನೆಗೆ ಭಟ್ಟರ ಹೊಟ್ಟೆಯೂ ಕುಲುಕತೊಡಗಿತು, ಉಪವಾಸದ ಹೊಟ್ಟೆ ಪಾಪ. "ಇನ್ನು ಎಡಗೈಯಲ್ಲೇ ತಿರುಗಿಸು ಮಾರಾಯ, ಬಲಗೈಯನ್ನು ಹಿಟ್ಟಿನಿಂದ ತೆಗೆಯಬೇಡ" ಎಂದು ತೀರ್ಪು ಕೊಟ್ಟರು.

"ಅದಾಗುದಿಲ್ಲ ಭಟ್ರೇ. ಎರಡು ಕೈಗೂ ಪಾಲು ಉಂಟು. ಹಿಟ್ಟು ದೂಡಲಿಕ್ಕೆ ಒಂದು ತೆಂಗಿನ ಗೆರಟೆ ಇಟ್ಟುಕೊಳ್ಳುತ್ತೇನೆ, ಯಾವ ಕೈಯೂ ಬೇಡ."

ಭಟ್ಟರೇ ಎದ್ದು ಹೋಗಿ ಗೆರಟೆಯನ್ನು ನುಣ್ಣಗೆ ಕೆರೆದು ತೊಳೆದು ತಂದುಕೊಟ್ಟರು. ಇಷ್ಟೆಲ್ಲದರಲ್ಲಿ ಕಾಲು ಗಂಟೆ ಹಾಳಾಗಿತ್ತು. ಇನ್ನೂ ಅರ್ಧ ಬಾಲ್ದಿ ಅಕ್ಕಿ ಉಳಿದಿತ್ತು. ದೂಜ ಅವಸರ ಮಾಡಲಿಲ್ಲ. ಅವಸರ ಎಲ್ಲಿ ಹೋಗಿ ಕೂರುತ್ತದೆ ಎಂದು ಅವನಿಗೆ ಈಗ ಗೊತ್ತಿತ್ತು, ಬಲಹೆಗಲಿನ ತುದಿಯಲ್ಲಿ. ಅದೇ ಗತಿಯಲ್ಲಿ, ಬಲಗೈ ನೂರು, ಎಡಗೈ ನೂರು, ಸೊಂಟದಿಂದ ತಿರುಗುತ್ತ ಹೋದ. ನಗಲು ಬಂದಿದ್ದ ಸೀನ ಈಗ ಅವನ ಸುತ್ತುಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದ. ಕೊನೆಯ ಹಿಟ್ಟು ಬಾಚಿ ಪಾತ್ರೆಗೆ ಹಾಕಿ, ಕಲ್ಲು ತೊಳೆದು, ನೀರು ಹೊರಗೆ ಚೆಲ್ಲಿ ಬರುವಾಗ ಭೋಂಗಾ ಕೂಗಿತು. ದೂಜ ಅಟ್ಟದ ಮೇಲಿದ್ದ ದೊಡ್ಡ ಮುಚ್ಚಳವನ್ನು ಬಲಗೈ ಎತ್ತಿ ತೆಗೆದು ಪಾತ್ರೆಗೆ ಮುಚ್ಚಿದ. ಮುಚ್ಚಿದ ಮೇಲೆಯೇ ಅವನಿಗೆ ಹೊಳೆದದ್ದು, ವರ್ಷದಿಂದ ಆ ಕೈ ತಲೆಯ ಮೇಲೆ ಹೋಗಿರಲಿಲ್ಲ.

ಮರುದಿನ ಬೀದಿಯಲ್ಲಿ ಗಡಿಗೆ ಒಡೆಯುವ ಮೊದಲೇ ಹೋಟೆಲಿನಲ್ಲಿ ಇಡ್ಲಿ ಖಾಲಿ. ಹೂವಿನಂಥ ಇಡ್ಲಿ. ಎಲ್ಲರೂ ವಾಡಿಕೆಯಂತೆ ಭಟ್ಟರನ್ನು ಹೊಗಳಿದರು. ಭಟ್ಟರು ಮಾತ್ರ ಆ ದಿನ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಕಡೆದದ್ದು ನಮ್ಮ ದೂಜ. ಒಳಗೆ ಬನ್ನಿ, ತೋರಿಸುತ್ತೇನೆ" ಎಂದು ಗಿರಾಕಿಗಳನ್ನು ಕರೆದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಜನ ದೂಜನ ಮುಖ ನೋಡಿದರು. ಅವನಿಗೆ ಎದೆ ತುಂಬಿ ಬಂತು, ಅದನ್ನು ಮುಚ್ಚಿಡಬೇಕೆಂದೂ ಅನಿಸಲಿಲ್ಲ.

"ಕಲ್ಲು ನಿನ್ನದು" ಎಂದರು ಶೆಟ್ಟರು. ಯಾರೂ ಹತ್ತಿರವಿಲ್ಲವೆಂದು ನೋಡಿಕೊಂಡು, "ದರ್ಜಿಯ ಅಂಗಡಿಯಲ್ಲಿ ನಿನಗೆ ಮಾಡಿದರಂತಲ್ಲ, ಆ ಕಾಗದ ಎಳೆಯುವ ಪರೀಕ್ಷೆ ನನಗೂ ಒಂದು ಮಾಡು" ಎಂದರು. ಅವರ ಎರಡೂ ಹಿಮ್ಮಡಿಯ ಕಾಗದ ಸಲೀಸಾಗಿ ಬಂತು, ಭಾರವೆಲ್ಲ ಬೆರಳ ತುದಿಯಲ್ಲಿತ್ತು. ಅಂದಿನಿಂದ ಆ ಹೋಟೆಲಿನಲ್ಲಿ ಕೆಲಸಕ್ಕೆ ಮೊದಲು ಎಲ್ಲರೂ ಒಂದು ಗಳಿಗೆ ಕಣ್ಣು ಮುಚ್ಚಿ ಎರಡು ಕಾಲಿನ ಮೇಲೆ ನಿಲ್ಲುವ ಪದ್ಧತಿ ಬಂತು. ಶೆಟ್ಟೆಪ್ಪ ಮಾತ್ರ ಬೈದ. ದೂಜನ ಸೊಟ್ಟ ಅಳತೆಗೆ ಸರಿಯಾಗಿ ಹೊಲಿದಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಸೆಪ್ಟೆಂಬರ್ ಕೊನೆಗೆ ಮೊದಲ ಹಡಗು ಬಂತು. ದೂಜ ಆ ಅಂಗಿ ತೊಟ್ಟು ಧಕ್ಕೆಯಲ್ಲಿ ಕಾಯುತ್ತಿದ್ದ. ಇಳಿದು ಬಂದವರ ಗುಂಪಿನಲ್ಲಿ ವಸಂತಿ ಟ್ರಂಕು ಕಾಲಬಳಿ ಇಟ್ಟುಕೊಂಡು ಅತ್ತಿತ್ತ ಕಣ್ಣಾಡಿಸುತ್ತಿದ್ದಳು. ಅವಳ ದೃಷ್ಟಿ ದೂಜನ ಮೇಲೆ ಎರಡು ಸಲ ಹಾದುಹೋಯಿತು. ಅವಳು ಹುಡುಕುತ್ತಿದ್ದದ್ದು ಬಲಕ್ಕೆ ವಾಲಿ ನಡೆಯುವ ಗಂಡನನ್ನು. ದೂಜ ಎದುರಿಗೇ ಬಂದು ನಿಂತಾಗ ಬೆಚ್ಚಿದಳು.

"ಅಯ್ಯೋ, ನೀವಾ! ಗುರ್ತವೇ ಸಿಗಲಿಲ್ಲ. ಉದ್ದ ಆದದ್ದಾ ನೀವು?"

"ಇದ್ದದ್ದು ಇಷ್ಟೇ ಉದ್ದ. ನಾನೂ ಈಗ ನೋಡಿದ್ದು."

ಟ್ರಂಕನ್ನು ಬಲಹೆಗಲಿಗೆ ಎತ್ತಿಕೊಂಡ. ಎತ್ತುವಾಗ ಅವಳ ಮುಖ ಹತ್ತಿರದಿಂದ ಕಂಡಿತು. ದವಡೆ ಬಿಗಿದು ಗಲ್ಲದ ಮೂಳೆ ಎದ್ದಿತ್ತು. ಹಡಗಿನ ಎರಡು ದಿನದ ಬಿಗಿ ಅಲ್ಲ ಅದು, ಹನ್ನೊಂದು ವರ್ಷದ್ದು.

"ವಸಂತಿ, ಹಲ್ಲು ಬಿಡು" ಎಂದ ಮೆಲ್ಲಗೆ. "ಇನ್ನು ಕಚ್ಚಿಕೊಳ್ಳುದು ಬೇಡ. ಬಂದಾಯ್ತಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಿಟ್ಟಳು. ಬಿಟ್ಟ ಕೂಡಲೇ ಅಷ್ಟು ಜನರ ನಡುವೆ ಗಳಗಳನೆ ಅತ್ತು, ಅಳುತ್ತಲೇ ನಕ್ಕಳು. ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು. ಅರ್ಧ ದಾರಿಯಲ್ಲಿ ದೂಜ ಟ್ರಂಕನ್ನು ಎಡಹೆಗಲಿಗೆ ಬದಲಿಸಿಕೊಂಡ. ಗೋರೆಗಾಂವ್‌ನ ಲೋಕಲ್ ಬರಲು ಇನ್ನೂ ಹತ್ತು ನಿಮಿಷವಿತ್ತು.